ಪಾಡ್ಯದ ಸ್ನಾನ ತಪ್ಪಿಸಿದ ಅಂಬಾದಾಸರು

ಯೆಣೆಗೂರಿನ ಓಣಿಯಲ್ಲಿ ತಾವು ಹೊರಟರೆ ಎಮ್ಮೆಗಳೂ ಬದಿಗೆ ಸರಿಯುತ್ತವೆ ಎಂದು ಅಂಬಾದಾಸರು ನಂಬಿದ್ದರು. ಎಮ್ಮೆ ಯಾರಿಗೂ ಸರಿಯುವ ಪ್ರಾಣಿಯಲ್ಲ. ಆದರೆ ಸರಿಯದ ಎಮ್ಮೆಯನ್ನು ಬಳಸಿಕೊಂಡು ಹೋಗುವಾಗಲೂ ಅವರ ನಡಿಗೆಯಲ್ಲಿ ಒಂದು ಠೀವಿ ಇರುತ್ತಿತ್ತು. ನೋಡಿದವರಿಗೆ ಎಮ್ಮೆಯೇ ಸರಿದಂತೆ ಕಾಣುತ್ತಿತ್ತು.

ಈ ಠೀವಿ ಹುಟ್ಟಿನಿಂದ ಬಂದದ್ದಲ್ಲ, ಮರಾಠಿ ಸೀಮೆಯ ಸರಕಾರಿ ಬಸ್ಸು ಕೊಟ್ಟದ್ದು. ಉಮರ್ಗಾದಿಂದ ನಿಲಂಗಾ, ನಿಲಂಗಾದಿಂದ ಉದಗೀರ, ಮತ್ತೆ ಅದೇ ದಾರಿಯಲ್ಲಿ ವಾಪಸು. ಹೀಗೆ ಕೆಂಪು ಬಸ್ಸಿನ ಕಂಡಕ್ಟರರಾಗಿ ಅವರು ಹರೆಯವನ್ನೂ ನಡುವಯಸ್ಸನ್ನೂ ನಿಂತೇ ಕಳೆದರು. ಡ್ರೈವರನಿಗೆ ದಾರಿ ಮಾತ್ರ ಗೊತ್ತಿರುತ್ತದೆ, ಹೊರಡುವ ಹೊತ್ತು ಗೊತ್ತಿರುವುದು ಗಂಟೆಯ ಹಗ್ಗ ಹಿಡಿದವನಿಗೆ ಎಂಬುದು ಅವರ ಸಿದ್ಧಾಂತ. ಒಂದು ಸಲ ಗಂಟೆ ಹೊಡೆದರೆ ಲೋಕ ನಿಲ್ಲಬೇಕು, ಎರಡು ಸಲ ಹೊಡೆದರೆ ನಡೆಯಬೇಕು. ನಡುವೆ ಲೋಕಕ್ಕೆ ಉಳಿದ ಕೆಲಸ ಒಂದೇ: ಅವರು ಮರಾಠಿಯಲ್ಲಿ ‘ಪುಢೆ ಸರಕಾ’ ಎಂದ ಕೂಡಲೇ ಮುಂದೆ ಸರಿಯುವುದು. ಹಬ್ಬದ ಗದ್ದಲದಲ್ಲಿ ಬಸ್ಸಿನೊಳಗೆ ಉಸಿರು ಬಿಡಲು ಜಾಗವಿಲ್ಲದಾಗಲೂ ಅವರ ದನಿಗೆ ಜನ ಎಲ್ಲಿಗೋ ಸರಿಯುತ್ತಿದ್ದರು. ಎಲ್ಲಿಗೆ ಎಂಬುದು ಸರಿದವರಿಗೂ ತಿಳಿಯುತ್ತಿರಲಿಲ್ಲ.

ಕಂಬಳಿ ಹೊದ್ದ ಕುರಿಯವರು ಹತ್ತಿದರೆ ಮಾತ್ರ ನಿಯಮ ಬೇರೆ. ಅವರು ಮುಂದೆ ಸರಿಯುವಂತಿಲ್ಲ, ಕಟ್ಟಕಡೆಯ ಸೀಟಿಗೆ ಹೋಗಬೇಕು; ಕಂಬಳಿಯ ವಾಸನೆ ಉಳಿದವರ ಮೂಗಿಗೆ ಬಡಿಯಬಾರದು. ಒಮ್ಮೆ ಸ್ವಂತ ಸೋದರಮಾವನನ್ನೇ ಹಾಗೆ ಹಿಂದಕ್ಕೆ ಕಳಿಸಿದ್ದರು. ಮಾವ ಹೋಗಿ ಕೂತು, ಇಳಿಯುವಾಗ, ನಿಮ್ಮವ್ವ ನಿನ್ನ ಹಡೆದಾಗ ಸುತ್ತಿಟ್ಟದ್ದು ಇಂಥದೇ ಕಂಬಳಿಯೊಳಗೆ ಎಂದು ನೆನಪು ಮಾಡಿ ಇಳಿದುಹೋದನಂತೆ.

ಮಾವ ಹೇಳಿದ್ದು ಸುಳ್ಳಲ್ಲ. ಅಂಬಾದಾಸರೂ ಕುರಿಯವರೇ, ಬೀರಪ್ಪನ ಒಕ್ಕಲು. ತಾಯಿ ಗುರುಬಾಯಿಯ ಕಾಲದಿಂದ, ಅದಕ್ಕೂ ಹಿಂದಿನಿಂದ, ಅವರ ಮನೆಯಲ್ಲಿ ಒಂದು ಪದ್ಧತಿ ಇದೆ. ಹಿಂಡಿನಲ್ಲಿ ಒಂದು ಹೆಣ್ಣುಕುರಿ ಬೀರಪ್ಪನ ಹೆಸರಿನದು. ಅದನ್ನು ಮಾರುವಂತಿಲ್ಲ, ಕೊಯ್ಯುವಂತಿಲ್ಲ. ಅದರ ಉಣ್ಣೆಯಿಂದ ಕಂಬಳಿ ನೇಯಿಸಿ ದೇವರಿಗೆ ಹಾಸಬೇಕು. ಅದಕ್ಕೆ ವಯಸ್ಸಾದಾಗ ಅದರ ಹೊಟ್ಟೆಯಲ್ಲೇ ಹುಟ್ಟಿದ ಹೆಣ್ಣುಮರಿ ಆ ಜಾಗಕ್ಕೆ ಬರಬೇಕು. ಬೇರೆ ಕುರಿ ತಂದು ನಿಲ್ಲಿಸಿದರೆ ನಡೆಯುವುದಿಲ್ಲ. ಗುರುಬಾಯಿ ತೀರಿಕೊಂಡ ಮೇಲೆ ಈ ಬಳ್ಳಿ ಹರಿಯದಂತೆ ಕಾದುಕೊಂಡು ಬಂದವಳು ಸೊಸೆ ಅಂಜನಾಬಾಯಿ. ಗಂಡ ಉದಗೀರಿನ ಬಸ್ ನಿಲ್ದಾಣದಲ್ಲಿ ಲೋಕಕ್ಕೆ ಗಂಟೆ ಹೊಡೆಯುತ್ತಿದ್ದ ಅಷ್ಟೂ ವರ್ಷ ಅವಳು ಈ ಕುರಿಯ ಹಿಂದೆ ಇದ್ದಳು. ಆ ವಿಷಯ ಅವಳೂ ಎತ್ತಲಿಲ್ಲ, ಅವರೂ ಕೇಳಲಿಲ್ಲ.

ನಿವೃತ್ತಿಯ ದಿನ ಡಿಪೋದಲ್ಲಿ ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟರು. ಮರುದಿನ ಬೆಳಿಗ್ಗೆ ಅಂಬಾದಾಸರು ಎದ್ದು ನೋಡಿದರೆ ಲೋಕ ಅವರ ಗಂಟೆಯಿಲ್ಲದೆಯೇ ಹೊರಟುಬಿಟ್ಟಿತ್ತು. ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು, ಧಾಬಾದಲ್ಲಿ ಹೊಗೆ ಏಳುತ್ತಿತ್ತು, ಬಸ್ಸುಗಳು ಬೇಕಾದಾಗ ಬಂದು ಬೇಡವಾದಾಗಲೂ ನಿಲ್ಲುತ್ತಿದ್ದವು. ಮನೆಯಲ್ಲಿ ಪರಿಸ್ಥಿತಿ ಇನ್ನೂ ಕಷ್ಟ. ಅಡುಗೆಮನೆಯ ಬಾಗಿಲಲ್ಲಿ ನಿಂತರೆ, ಹಟ್ಟಿಯ ಮುಂದೆ ನಿಂತರೆ, ನೀರಿನ ಕೊಡದ ದಾರಿಯಲ್ಲಿ ನಿಂತರೆ ಅಂಜನಾಬಾಯಿ ಒಂದೇ ಮಾತು ಹೇಳುತ್ತಿದ್ದಳು:

“ಸ್ವಲ್ಪ ಆ ಕಡೆ ಸರೀರಿ.”

ಜೀವಮಾನವೆಲ್ಲ ಪರರನ್ನು ಸರಿಸಿದ ಮನುಷ್ಯನಿಗೆ ಇದು ಸಹಿಸುವ ಮಾತಲ್ಲ. ಮನಸ್ಸಿಗೆ ಅಶಾಂತಿ ಬಂತು. ಅಶಾಂತಿ ಬಂದದ್ದು ಗೊತ್ತಾದ ಕೂಡಲೇ ಅವರು ಶಾಂತಿಯ ವ್ಯವಸ್ಥೆಗೆ ತೊಡಗಿದರು. ಫಾಲ್ಗುಣದ ಶುರುವಿನಲ್ಲಿ ಉಮರ್ಗಾದ ಒಂದು ಮಂಗಲ ಕಾರ್ಯಾಲಯದಲ್ಲಿ ಮನಃಶಾಂತಿಯ ಶಿಬಿರ ನಡೆಯಿತು. ಮದುವೆಗಳ ಗಡಿಬಿಡಿ ಇನ್ನೂ ಶುರುವಾಗಿರಲಿಲ್ಲ, ಹಾಗಾಗಿ ಶಾಂತಿಗೆ ಜಾಗ ಸಿಕ್ಕಿತ್ತು. ಶಿಬಿರದ ಗುರೂಜಿ ಮೆತ್ತಗೆ ಮಾತಾಡುವ ಒಳ್ಳೆಯ ಮನುಷ್ಯ. ವಸಂತ ಬರುತ್ತಿದೆ, ಮರಗಳು ಹಳೆಯ ಎಲೆ ಉದುರಿಸಿ ಚಿಗುರುತ್ತವೆ, ನೀವೂ ಒಳಗಿನ ಹಳೆಯದನ್ನು ಉದುರಿಸಿರಿ ಎಂದು ಅವರು ಹೇಳಿದರು. ಅಂಬಾದಾಸರು ಮೊದಲ ಸಾಲಿನಲ್ಲಿ ಕೂತು, ಉದುರಿಸುವ ಕೆಲಸ ಯಾವಾಗ ಮುಗಿಯಬೇಕು ಎಂದು ಕೇಳಿದರು. ಗುರೂಜಿ ನಕ್ಕು, ಅವಸರವಿಲ್ಲ ಎಂದರು. ಕಂಡಕ್ಟರನ ಕಿವಿಗೆ ಇದು ಉತ್ತರವಲ್ಲ. ಯುಗಾದಿ ಪಾಡ್ಯದ ದಿನ ಸಾಧಕರೆಲ್ಲ ಮತ್ತೆ ಸೇರಿ ತಮ್ಮ ಅನುಭವ ಹೇಳುವುದೆಂದು ಗೊತ್ತಾದಾಗ ಅವರೇ ಗಡುವು ಹಾಕಿಕೊಂಡರು: ಪಾಡ್ಯದೊಳಗೆ ಶಾಂತಿ ಸಿಗಬೇಕು. ಅನುಭವ ಹೇಳುವವರಲ್ಲಿ ಮೊದಲ ಹೆಸರು ತಮ್ಮದೇ ಕೊಟ್ಟು ಬಂದರು.

ಊರಿಗೆ ಬರುವಾಗ ಬಿಳಿ ಜುಬ್ಬಾ, ಬಿಳಿ ಪೈಜಾಮ, ಸುರುಳಿ ಸುತ್ತುವ ನೀಲಿ ಚಾಪೆ ಬಂದವು. ಮರುದಿನದಿಂದ ಬೆಳಕು ಹರಿಯುವಾಗ ಅಂಗಳದ ಬೇವಿನ ಮರದ ಕೆಳಗೆ ಚಾಪೆ ಹಾಸಿ, ಕಣ್ಣು ಮುಚ್ಚಿ, ಒಂದೊಂದು ಉಸಿರನ್ನೂ ಟಿಕೇಟು ಕೊಟ್ಟು ಹತ್ತಿಸಿದ ಹಾಗೆ ಎಣಿಸತೊಡಗಿದರು. ಆ ಹೊತ್ತಿನಲ್ಲಿ ಮನೆಯಲ್ಲಿ ಪಾತ್ರೆ ಸದ್ದಾಗಬಾರದು, ಕುರಿ ಕೆಮ್ಮಬಾರದು. ಬೇವು ಮಾತ್ರ ಗುರೂಜಿಯ ಮಾತನ್ನು ಅಕ್ಷರಶಃ ಪಾಲಿಸುತ್ತಿತ್ತು. ಹಳದಿ ಎಲೆಗಳನ್ನು ದಿನಾಲೂ ಅವರ ತಲೆಯ ಮೇಲೆ, ಹೆಗಲ ಮೇಲೆ ಉದುರಿಸುತ್ತಿತ್ತು. ಅಂಜನಾಬಾಯಿ ಕಸಬರಿಗೆ ಹಿಡಿದು ಅವರ ಸುತ್ತ ಗುಡಿಸಿ, ಅವರನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದಳು.

ಪಕ್ಕದ ಮನೆಯ ಕಲ್ಯಾಣಪ್ಪ ಅಂಬಾದಾಸರ ಜೊತೆ ಓದಿದವನು, ಜೊತೆಗೇ ಓದು ಬಿಟ್ಟವನು. ಸಣ್ಣ ಒಕ್ಕಲುತನ. ಬೆಳಿಗ್ಗೆ ಮಿಂದು, ವಿಭೂತಿ ಹಚ್ಚಿಕೊಂಡು, ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಪೂಜೆ ಮುಗಿಸಿ, ಜೋಳದ ರೊಟ್ಟಿ ತಿಂದು ಹೊಲಕ್ಕೆ ಹೋಗುವವನು. ಇಷ್ಟು ಗಡಿಬಿಡಿಯಿಲ್ಲದೆ ದೇವರ ಕೆಲಸ ಮುಗಿಸುವವನನ್ನು ಕಂಡರೆ ಅಂಬಾದಾಸರಿಗೆ ಕನಿಕರ. ಕಲ್ಯಾಣಪ್ಪ ಹೊಲಕ್ಕೆ ಹೊರಟಾಗಲೂ, ತಿರುಗಿ ಬಂದಾಗಲೂ ಇಣುಕಿ ನೋಡುತ್ತಿದ್ದ.

“ಏನಪಾ ಅಂಬಾ, ಇನ್ನಾ ಸಿಕ್ಕಿಲ್ಲೇನು? ನಮ್ಮ ಹೊಲದ ಬೋರ್‌ನಾಗ ನೀರ್ ಹುಡುಕಿದಂಗ ಆತಲ್ಲ ಇದು.”

ಅಂಬಾದಾಸರು ಕಣ್ಣು ತೆರೆಯದೆ, ಆಳಕ್ಕೆ ಹೋಗಬೇಕಾಗುತ್ತದೆ ಎಂದು ಉತ್ತರಿಸಿದರು. ಕಲ್ಯಾಣಪ್ಪ, ತಾನೂ ಬೋರಿನವನಿಗೆ ಹಾಗೆಯೇ ಹೇಳಿದ್ದೆ, ಕಲ್ಲು ಹತ್ತಿತು ಎಂದು ಹೇಳಿ ಹೋದ.

ಫಾಲ್ಗುಣದ ನಡುವೆ ಬೀರಪ್ಪನ ಕುರಿ ಮರಿ ಹಾಕಿತು. ಬಹಳ ವಯಸ್ಸಾಗಿದ್ದ ಕುರಿ. ಮರಿಯನ್ನು ನೆಕ್ಕಿ ನಿಲ್ಲಿಸುವಷ್ಟು ಮಾತ್ರ ಜೀವ ಹಿಡಿದಿತ್ತು. ಆಮೇಲೆ ಮಲಗಿದ್ದು ಏಳಲಿಲ್ಲ. ಹುಟ್ಟಿದ್ದು ಹೆಣ್ಣುಮರಿ, ಒಂದೇ ಒಂದು. ಅದು ಉಳಿದರೆ ಗುರುಬಾಯಿಯಿಂದ ಬಂದ ಬಳ್ಳಿ ಉಳಿಯುತ್ತದೆ, ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಅಂಜನಾಬಾಯಿ ಎಮ್ಮೆಯ ಹಾಲನ್ನು ಬಾಟಲಿಯಲ್ಲಿ ಹಾಕಿ ಕುಡಿಸಿ ನೋಡಿದಳು. ಮರಿಯ ಹೊಟ್ಟೆ ಕೆಟ್ಟಿತು. ಅದಕ್ಕೆ ಕುರಿಯ ಹಾಲೇ ಬೇಕಿತ್ತು. ದೊಡ್ಡ ಹಿಂಡನ್ನು ಮೈದುನನ ಮಗ ಕನಕರಾಜ ಮೇವು ನೀರು ನೋಡಿಕೊಂಡು ಮಾಕಣಿಯ ಕೆರೆಯ ಕಡೆಗೆ ಹೊಡೆದುಕೊಂಡು ಹೋಗಿದ್ದ. ಹಟ್ಟಿಯಲ್ಲಿ ಉಳಿದವುಗಳಲ್ಲಿ ಹಾಲಿದ್ದದ್ದು ಒಂದಕ್ಕೇ. ಅದರ ಸ್ವಂತ ಮರಿ ಹುಟ್ಟುತ್ತಲೇ ಸತ್ತಿತ್ತು.

ಆ ಕುರಿಯ ಹೆಸರು ಪಾಟಲೀಣಬಾಯಿ. ಪಾಟೀಲರ ಮನೆಯ ಹಿರಿಯ ಹೆಂಗಸಿನ ಹಾಗೆ ತಲೆ ಎತ್ತಿಯೇ ನಡೆಯುತ್ತಿತ್ತು, ಬೇರೆ ಕುರಿ ಬಾಯಿ ಹಾಕಿದ ಮೇವನ್ನು ಮುಟ್ಟುತ್ತಿರಲಿಲ್ಲ. ಆ ಹೆಸರು ಇಟ್ಟವಳು ಅಂಜನಾಬಾಯಿ. ಅನಾಥ ಮರಿಯನ್ನು ಹತ್ತಿರ ಬಿಟ್ಟರೆ ಪಾಟಲೀಣಬಾಯಿ ಅದರ ಬಾಲದ ಬುಡ ಮೂಸಿ, ತನ್ನದಲ್ಲ ಎಂದು ಗೊತ್ತುಮಾಡಿಕೊಂಡು, ತಲೆಯಿಂದ ಗುದ್ದಿ ಉರುಳಿಸುತ್ತಿತ್ತು. ಕುರಿಗೆ ಮರಿಯ ಗುರುತು ಮೂಗಿನಿಂದ. ಅಂಥ ಕುರಿಗೆ ಪರರ ಮರಿ ಹಚ್ಚಬೇಕಾದರೆ ಅದರ ಹಾಲನ್ನೇ ಹಿಂಡಿ ಮರಿಯ ಮೈಗೆಲ್ಲ ಸವರಬೇಕು, ಬೆಳಿಗ್ಗೆ ಸಂಜೆ ಒಬ್ಬರು ಕುರಿಯನ್ನು ಅಲುಗದಂತೆ ಹಿಡಿದಿರಬೇಕು, ಇನ್ನೊಬ್ಬರು ಮರಿಗೆ ಮೊಲೆ ಕೊಡಿಸಬೇಕು. ದಿನ ಕಳೆದಂತೆ ತನ್ನ ಹಾಲಿನ ವಾಸನೆ ಮರಿಯ ಮೈಯಿಂದಲೇ ಬರತೊಡಗುತ್ತದೆ. ಆಗ ಕುರಿ ತಾನಾಗಿ ನಿಲ್ಲಬೇಕು. ನಿಲ್ಲದಿದ್ದರೆ ಇಲ್ಲ.

ಅಂಜನಾಬಾಯಿಗೆ ಇರುವುದು ಎರಡೇ ಕೈ. ಬೆಳಿಗ್ಗೆ ಕುರಿಯನ್ನು ಕೊರಳಲ್ಲಿ ಹಿಡಿದು ಬೇವಿನ ಕೆಳಗೆ ಎಳೆದು ತಂದು, ಧ್ಯಾನಸ್ಥರಾಗಿದ್ದ ಗಂಡನ ಮುಂದೆ ನಿಲ್ಲಿಸಿದಳು.

“ಧ್ಯಾನ ಆಮ್ಯಾಲ ಮಾಡ್ರಿ. ಈ ಕುರಿ ಹಿಡೀರಿ. ಇಲ್ಲಾ, ಹಿಡಕೊಂಡೇ ಮಾಡ್ರಿ, ನಂದೇನೂ ಅಡ್ಡಿಯಿಲ್ಲ.”

ಅಂಬಾದಾಸರು ಹಿಡಿದರು. ಕುರಿಯ ಕೊರಳನ್ನು ಕಂಕುಳಲ್ಲಿ ಅಮುಕಿ, ಮೊಣಕಾಲಿನಿಂದ ಅದರ ಪಕ್ಕೆಗೆ ಆನಿಕೆ ಕೊಟ್ಟು ಕೂರುವ ಆ ಪಟ್ಟು ಅವರ ಮೈಗೆ ಇನ್ನೂ ನೆನಪಿತ್ತು. ಚಿಕ್ಕವರಿದ್ದಾಗ ತಾಯಿ ಕಲಿಸಿದ್ದು. ಪಾಟಲೀಣಬಾಯಿ ಒದೆಯಿತು, ಜುಬ್ಬಾದ ಮೇಲೆ ಹಿಕ್ಕೆ ಹಾಕಿತು. ಅವರು ಕುರಿಗೆ ‘ಪುಢೆ ಸರಕಾ’ ಎಂದೂ ಹೇಳಿ ನೋಡಿದರು. ಅದಕ್ಕೆ ಮರಾಠಿ ಬರುತ್ತಿರಲಿಲ್ಲ, ಅಥವಾ ಬರುತ್ತಿದ್ದರೂ ಒಪ್ಪಿಗೆ ಇರಲಿಲ್ಲ. ಮರಿ ಮೊಲೆ ಸಿಕ್ಕ ಕೂಡಲೇ ಗಟಗಟ ಕುಡಿದು, ಬಾಲವನ್ನು ಗಿರಗಿರ ಆಡಿಸಿತು. ಸಂಜೆ ಮತ್ತೆ. ಮರುದಿನ ಮತ್ತೆ.

ಹೀಗೆ ಎರಡು ಹೊತ್ತೂ ಕುರಿ ಹಿಡಿದು ಕೂರುವುದು ನಡೆಯಿತು. ಅಷ್ಟರಲ್ಲಿ ಬೇವು ಹಳೆಯದನ್ನೆಲ್ಲ ಉದುರಿಸಿ ಮುಗಿಸಿ, ಕೆಂಪಗೆ ಚಿಗುರಿ, ಹಸಿರಾಗಿ, ಗೊಂಚಲು ಗೊಂಚಲು ಬಿಳಿ ಹೂ ಬಿಟ್ಟಿತು. ಅಂಬಾದಾಸರು ಅದನ್ನು ಗಮನಿಸಿದ್ದು ಹೂವು ಕುರಿಯ ಬೆನ್ನಿನ ಮೇಲೆ ಬಿದ್ದಾಗ. ಪಾಟಲೀಣಬಾಯಿಯೂ ಸ್ವಲ್ಪ ಇಳಿದು ಬಂದಿತ್ತು. ಈಗ ಬಿಗಿಯಾಗಿ ಹಿಡಿಯಬೇಕಿರಲಿಲ್ಲ, ಕೊರಳ ಮೇಲೆ ಕೈ ಇಟ್ಟರೆ ಸಾಕಾಗುತ್ತಿತ್ತು. ಇನ್ನೆರಡು ದಿನ ಹೋದರೆ ತಾನಾಗಿ ನಿಲ್ಲುತ್ತದೆ ಎಂದು ಅಂಜನಾಬಾಯಿ ಮೆಲ್ಲಗೆ, ದೃಷ್ಟಿ ತಾಗಬಾರದೆಂಬಂತೆ ಹೇಳಿದಳು.

ಎಲ್ಲ ಸರಿಹೋಗುತ್ತಿತ್ತು. ಅಷ್ಟರಲ್ಲಿ ತುರೋರಿಯ ನಿವೃತ್ತ ತಲಾಠಿಯೊಬ್ಬರು, ಅಂದರೆ ಊರ ಲೆಕ್ಕಿಗರು, ಒಂದು ಫೋಟೋ ಹಾಕಿದರು.

ಶಿಬಿರದವರದೊಂದು ವಾಟ್ಸಾಪ್ ಗುಂಪು ಇತ್ತು. ಬೆಳಗಾದರೆ ಅದರಲ್ಲಿ ಸೂರ್ಯ, ಕಮಲ, ಎಲೆಯ ಮೇಲಿನ ಇಬ್ಬನಿ ಬೀಳುತ್ತಿದ್ದವು. ತಲಾಠಿ ಸಾಹೇಬರು ಈ ಪದ್ಧತಿ ಮುರಿದು, ಬಿಳಿ ಬಟ್ಟೆಯಲ್ಲಿ ಕಣ್ಣು ಮುಚ್ಚಿ ಕೂತ ತಮ್ಮದೇ ಚಿತ್ರ ಹಾಕಿದ್ದರು. ಪಕ್ಕದಲ್ಲಿ ಒಂದು ಕರು. ಅದಕ್ಕೆ ಗುಂಪಿನವರೆಲ್ಲ ಕೈಮುಗಿದಿದ್ದರು. ಗುರೂಜಿಯೂ ಒಂದು ಹೂ ಕಳಿಸಿದ್ದರು. ಅಂಬಾದಾಸರು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಕರು ಬಾಡಿಗೆಯದು ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ತಮ್ಮ ಹತ್ತಿರವಾದರೋ ದೇವರದೇ ಮರಿ ಇದೆ.

ಅಂದು ಅಂಜನಾಬಾಯಿ ಪಾಡ್ಯದಂದು ಮಾಳಿಗೆಯ ಮೇಲೆ ಏರಿಸುವ ಗುಡಿಯ ಕೋಲಿಗೆ ಹಾಕುವ ಸಕ್ಕರೆ ಹಾರ ತರಲು ಉಮರ್ಗಾಕ್ಕೆ ಹೋಗಿದ್ದಳು. ಅಂಬಾದಾಸರು ಒಗೆದ ಜುಬ್ಬಾ ಹಾಕಿಕೊಂಡು, ಕಲ್ಯಾಣಪ್ಪನ ಕೈಗೆ ಫೋನು ಕೊಟ್ಟು, ಬೇವಿನ ಕೆಳಗೆ ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಹಾಲು, ಮಣ್ಣು, ಹಿಕ್ಕೆ ಮೆತ್ತಿಕೊಂಡ ಮರಿ ಬೆಳ್ಳಗಿನ ಜುಬ್ಬಾದ ಮೇಲೆ ಚೆನ್ನಾಗಿ ಕಾಣಲಿಲ್ಲ. ಆಗ ಅವರು ಮಾಡಬಾರದ್ದನ್ನು ಮಾಡಿದರು. ಮರಿಯನ್ನು ಬಚ್ಚಲಿಗೆ ಒಯ್ದು, ಬೆಚ್ಚನೆಯ ನೀರು ಹಾಕಿ, ತಾವು ಹಬ್ಬಕ್ಕೆಂದು ಇಟ್ಟುಕೊಂಡಿದ್ದ ಶ್ರೀಗಂಧದ ಸೋಪಿನಿಂದ ಕಿವಿಯ ಸಂದಿಗೊಂದಿ ಬಿಡದೆ ತೊಳೆದು, ಟವೆಲಿನಿಂದ ಒರೆಸಿ ತಂದರು. ಮರಿ ಹತ್ತಿಯ ಉಂಡೆಯ ಹಾಗಾಯಿತು. ಗಂಧದ ಪರಿಮಳ ಓಣಿಯ ತುದಿಯವರೆಗೆ ಹೋಯಿತು. ಕಲ್ಯಾಣಪ್ಪ ತೆಗೆದ ಹಲವು ಫೋಟೋಗಳಲ್ಲಿ ಅವನ ಹೆಬ್ಬೆರಳು ಬರದ ಒಂದನ್ನು ಆರಿಸಿ ಗುಂಪಿಗೆ ಹಾಕಿದರು. ತಲಾಠಿಗಿಂತ ಹೆಚ್ಚು ಕೈಗಳು ಮುಗಿದವು.

ಸಂಜೆ ಹಾಲು ಕೊಡಿಸಲು ಮರಿಯನ್ನು ಬಿಟ್ಟಾಗ ಪಾಟಲೀಣಬಾಯಿ ಮೂಸಿತು. ಮತ್ತೊಮ್ಮೆ ಮೂಸಿತು. ನಂತರ ನಾಲ್ಕು ಹೆಜ್ಜೆ ಹಿಂದೆ ಸರಿದು ಬಂದು ಗುದ್ದಿದ ರಭಸಕ್ಕೆ ಮರಿ ಗೋಡೆಗೆ ಹೋಗಿ ಬಿತ್ತು. ಹಿಡಿಯಲು ಹೋದರೆ ಕುರಿ ಮೊದಲ ದಿನಕ್ಕಿಂತ ಹೆಚ್ಚು ಕೊಸರಾಡಿತು, ಹಾಲನ್ನೂ ಇಳಿಸಲಿಲ್ಲ. ಅಂಜನಾಬಾಯಿ ಮರಿಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು. ಅವಳಿಗೆ ಎಲ್ಲ ತಿಳಿಯಿತು. ಆ ಸೋಪನ್ನು ತಂದವಳು ಅವಳೇ.

“ನಾ ನಿಮಗ ಏನೂ ಅನ್ನಲ್ರಿ,” ಎಂದಳು. “ಆ ಕುರಿಗೇನ್ ಹೇಳ್ಲಿ?”

ಬೈದಿದ್ದರೆ ಅಂಬಾದಾಸರು ತಿರುಗಿ ಬೈದು ಹಗುರಾಗುತ್ತಿದ್ದರು. ಅವಳು ಒಳಗೆ ಹೋಗಿ, ತಂದ ಸಕ್ಕರೆ ಹಾರವನ್ನು ಗೂಟಕ್ಕೆ ತೂಗುಹಾಕಿ, ಗೋಡೆಗೆ ಮುಖ ಮಾಡಿ ನಿಂತಳು. ಹಟ್ಟಿಯಲ್ಲಿ ಮರಿ ಹಸಿದು ಒದರುತ್ತಿತ್ತು. ಫೋನಿನಲ್ಲಿ ಒಂದರ ಹಿಂದೊಂದು ಕೈಗಳು ಮುಗಿಯುತ್ತಲೇ ಇದ್ದವು. ಅವರು ಫೋನನ್ನು ಜೋಳದ ಚೀಲದ ಮೇಲೆ ಬೋರಲು ಹಾಕಿದರು.

ಮರುದಿನ ಬೆಳಿಗ್ಗೆ ನೀಲಿ ಚಾಪೆ ಬಿಚ್ಚಲಿಲ್ಲ. ಅಂಬಾದಾಸರಿಗೆ ತಾಯಿ ನೆನಪಾಗಿದ್ದಳು. ಇಂಥ ಮೊಂಡ ಕುರಿಗೆ ಮರಿ ಹಚ್ಚುವಾಗ ಗುರುಬಾಯಿ ಮೀಯುತ್ತಿರಲಿಲ್ಲ, ಸೀರೆ ಬದಲಿಸುತ್ತಿರಲಿಲ್ಲ. ಒಂದು ಹಳೆಯ ಕಂಬಳಿ ಹೊದ್ದು, ಕುರಿ ಮರಿ ಎರಡನ್ನೂ ಅದರೊಳಗೆ ಎಳೆದುಕೊಂಡು, ಮೂರೂ ಜೀವದ ವಾಸನೆ ಒಂದೇ ಆಗುವ ತನಕ ಹಟ್ಟಿಯಲ್ಲೇ ಕೂರುತ್ತಿದ್ದಳು. ಅವರು ಜುಬ್ಬಾ ಕಳಚಿಟ್ಟು, ಅಟ್ಟದ ಪೆಟ್ಟಿಗೆಯಿಂದ ಆ ಕಂಬಳಿಯನ್ನು ತೆಗೆದು ತಂದರು. ಮರಿಯ ಮೈಗೆ ಹಟ್ಟಿಯ ಧೂಳು ತಿಕ್ಕಿದರು, ಕುರಿಯ ಹಾಲು ಸವರಿದರು, ಕಂಬಳಿ ಹೊದ್ದು ಹಿಕ್ಕೆಯ ಮೇಲೆಯೇ ಕೂತರು. ಅಂಜನಾಬಾಯಿ ಬಾಗಿಲಲ್ಲಿ ನಿಂತು ನೋಡಿದಳು.

“ನಾಡಿದ್ದ ಪಾಡ್ಯಾ ಅದ. ಎಣ್ಣಿ ಸ್ನಾನ?”

“ಇಲ್ಲ,” ಎಂದರು ಅಂಬಾದಾಸರು. “ಆಕಿ ನಿಲ್ಲೂತನಕ ನಂದು ಸ್ನಾನಿಲ್ಲ.”

ಸತ್ತರೂ ಟಿಕೇಟಿಲ್ಲದೆ ಬಿಡೆನು ಎಂಬಂಥ ದನಿಯಲ್ಲಿ ಅವರು ಇದನ್ನು ಹೇಳಿದರು. ಆದರೆ ಹೇಳಿದ್ದು ಹಟ್ಟಿಯೊಳಗಿಂದ, ಕುರಿಯ ಕೊರಳಿಗೆ ಜೋತುಬಿದ್ದು. ಹಾಗಾಗಿ ಅಂಜನಾಬಾಯಿಗೆ ನಗು ಬಂತು. ಸೆರಗಿನ ಅಂಚು ಬಾಯಿಗೆ ಇಟ್ಟುಕೊಂಡು ಮರಿ ಹಿಡಿಯಲು ಒಳಗೆ ಬಂದಳು.

ಅಂದು ಹಗಲೆಲ್ಲ, ಮರುದಿನವೂ, ಅವರು ಅಲ್ಲೇ ಇದ್ದರು. ಮೊದಲು ಉಸಿರು ಎಣಿಸಿದರು. ನಂತರ ಕುರಿಯ ಉಸಿರಿನಲ್ಲಿ ಲೆಕ್ಕ ತಪ್ಪಿತು. ಪಾಟಲೀಣಬಾಯಿ ಮೆಲುಕು ಹಾಕುವಾಗ ಅದರ ದವಡೆಯ ಅಲುಗಾಟ ಅವರ ತೋಳಿಗೆ ತಿಳಿಯುತ್ತಿತ್ತು. ನುಂಗಿದ ತುತ್ತು ಕೊರಳಲ್ಲಿ ಇಳಿದು, ಸ್ವಲ್ಪ ತಡೆದು, ಇನ್ನೊಂದು ತುತ್ತು ಮೇಲೆ ಬರುವುದು ಅಂಗೈಗೆ ಹತ್ತುತ್ತಿತ್ತು. ಬೇವಿನ ಹೂವಿನ ಕಂಪು ಗಾಳಿ ಬಂದಾಗ ಬರುತ್ತಿತ್ತು, ಇಲ್ಲದಾಗ ಕಂಬಳಿಯ ವಾಸನೆ. ಆ ವಾಸನೆಯಲ್ಲಿ ತಾಯಿಯ ಎಲೆಯಡಿಕೆಯೂ ಎಲ್ಲೋ ಇತ್ತು. ಹೆದ್ದಾರಿಯಲ್ಲಿ ಒಂದು ಬಸ್ಸು ನಿಂತು ಎರಡು ಸಲ ಗಂಟೆ ಹೊಡೆದು ಹೊರಟದ್ದು ಕೇಳಿಸಿತು. ಯಾವ ಬಸ್ಸು, ಎಷ್ಟು ತಡ ಎಂದು ಅವರು ಯೋಚಿಸಲಿಲ್ಲ. ಯೋಚಿಸಲಿಲ್ಲ ಎಂಬುದೂ ಅವರಿಗೆ ತಿಳಿಯಲಿಲ್ಲ.

ಪಾಡ್ಯದ ಬೆಳಿಗ್ಗೆ ಯೆಣೆಗೂರೆಲ್ಲ ಬೇವಿನೆಲೆ ಹಾಕಿದ ಬಿಸಿನೀರಿನಲ್ಲಿ ಮೀಯುತ್ತಿತ್ತು. ಮಾಳಿಗೆಗಳ ಮೇಲೆ ಗುಡಿಗಳು ಏರುತ್ತಿದ್ದವು: ಉದ್ದ ಕೋಲು, ಅದಕ್ಕೆ ರೇಷ್ಮೆ ಖಣ, ಮೇಲೆ ಬೋರಲು ಹಾಕಿದ ತಂಬಿಗೆ, ಬೇವಿನ ಟೊಂಗೆ, ಸಕ್ಕರೆ ಹಾರ. ಕಲ್ಯಾಣಪ್ಪ ಹೊಸ ಧೋತರ ಉಟ್ಟು, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ಗೆಳೆಯನಿಗೆ ಬೇವುಬೆಲ್ಲ ಕೊಡಲು ಬಂದ. ಹಟ್ಟಿಯೊಳಗೆ ಬಗ್ಗಿ ನೋಡಿ, ಮೂಗನ್ನು ಧೋತರದ ಅಂಚಿನಿಂದ ಮುಚ್ಚಿಕೊಂಡ.

“ಪಾಡ್ಯಾ ದಿನ ಮೈ ತೊಳೀಲಾರದೆ ಕುಂತೀ ಅಲ್ಲೋ. ಇವತ್ತ ಉಮರ್ಗಾದಾಗ ನೀ ಅನುಭವ ಹೇಳೂದದ ಅಂತಲ್ಲ?”

ಅಂಬಾದಾಸರು ಬೆರಳು ತುಟಿಯ ಮೇಲಿಟ್ಟರು. ಇನ್ನೊಂದು ಕೈ ನೆಲದ ಮೇಲಿತ್ತು. ಆಗ ಕಲ್ಯಾಣಪ್ಪನಿಗೂ ಕಂಡಿತು: ಕುರಿಯನ್ನು ಯಾರೂ ಹಿಡಿದಿರಲಿಲ್ಲ. ಬೆಳಗಿನ ಜಾವದಲ್ಲಿ ಅವರಿಗೆ ಜೊಂಪು ಹತ್ತಿ ಕೈ ಸಡಿಲಾಗಿತ್ತು. ಎಚ್ಚರವಾದಾಗ ಪಾಟಲೀಣಬಾಯಿ ಎದ್ದು ಹೋಗಿರಲಿಲ್ಲ. ಕಾಲು ಸ್ವಲ್ಪ ಅಗಲಿಸಿ, ತಲೆ ಎತ್ತಿ, ಯಾವುದೋ ದೊಡ್ಡ ಕೆಲಸಕ್ಕೆ ಒಪ್ಪಿಗೆ ಕೊಟ್ಟವರ ಗತ್ತಿನಲ್ಲಿ ನಿಂತಿತ್ತು. ಹೊಟ್ಟೆಯ ಕೆಳಗೆ ಮರಿ ಕುಡಿಯುತ್ತಿತ್ತು, ಬಾಲ ಗಿರಗಿರ ಆಡುತ್ತಿತ್ತು. ಕುರಿ ಹಿಂದಕ್ಕೆ ತಿರುಗಿ ಆ ಬಾಲದ ಬುಡವನ್ನು ಮೂಸಿ, ನೆಕ್ಕಿತು.

ಅಂಜನಾಬಾಯಿ ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದಳು. ಕೈಯಲ್ಲಿದ್ದ ಭಂಡಾರವನ್ನು, ಬೀರಪ್ಪನ ಆ ಹಳದಿ ಪುಡಿಯನ್ನು, ಮೊದಲು ಮರಿಯ ಹಣೆಗೆ ಹಚ್ಚಿದಳು, ನಂತರ ಕುರಿಗೆ. ಕೊನೆಗೆ ಸ್ವಲ್ಪ ಯೋಚಿಸಿ ಗಂಡನಿಗೂ ಹಚ್ಚಿದಳು.

ಮಿಂದು ಹೋಗಲು ಹೊತ್ತಿರಲಿಲ್ಲ. ಧೈರ್ಯವೂ ಇರಲಿಲ್ಲ; ಕುರಿ ಈಗಷ್ಟೇ ನಿಂತಿತ್ತು. ಅಂಬಾದಾಸರು ಹಾಗೇ, ಹಣೆಯ ಮೇಲೆ ಭಂಡಾರ, ಹೆಗಲ ಮೇಲೆ ಕಂಬಳಿ, ಹೆದ್ದಾರಿಗೆ ಹೋಗಿ ಬಸ್ಸು ಹತ್ತಿದರು. ಕಂಡಕ್ಟರ್ ಗುರುಲಿಂಗ ಅವರ ಕೈಕೆಳಗೆ ಕೆಲಸ ಕಲಿತವನು. ಬೆನ್ನು ತಿರುಗಿಸಿ ಟಿಕೇಟು ಕೊಡುತ್ತಿದ್ದವನು ಗಾಳಿಯನ್ನು ಮೂಸಿ, ಕುರಿ ಹತ್ತಿಸಿದವರು ಯಾರು ಎಂದು ಕೇಳಿದ. ತಿರುಗಿ ನೋಡಿ ಗುರುತು ಹಿಡಿದ. ಗಡಿಬಿಡಿಯಿಂದ ಮುಂದಿನ ಸೀಟಿನವರನ್ನು ಎಬ್ಬಿಸಲು ಹೋದ.

“ಇರ್ಲಿ ಗುರುಲಿಂಗ,” ಎಂದರು ಅಂಬಾದಾಸರು. “ಕಂಬಳಿಯವರ ಸೀಟ್ ನಂಗ್ ಗೊತ್ತದ.”

ಹೋಗಿ ಕಟ್ಟಕಡೆಯ ಸೀಟಿನಲ್ಲಿ ಕೂತರು. ಬಸ್ಸು ಗುಂಡಿಯಲ್ಲಿ ಇಳಿದು ಎದ್ದಾಗ ಎಲ್ಲರಿಗಿಂತ ಮೇಲೆ ಹಾರಿದರು. ಇಷ್ಟು ವರ್ಷದಲ್ಲಿ ಆ ಸೀಟಿನಲ್ಲಿ ಕೂತು ನೋಡಿದ್ದು ಅದೇ ಮೊದಲು. ಅಲ್ಲಿಂದ ಹೊಲಗಳು ಚೆನ್ನಾಗಿ ಕಾಣುತ್ತಿದ್ದವು. ಜೋಳ ಕೊಯ್ದಾಗಿತ್ತು, ಬದುವಿನ ಮುತ್ತುಗದ ಮರಗಳು ಎಲೆಯಿಲ್ಲದೆ ಬರೀ ಹೂವಾಗಿದ್ದವು.

ಮಂಗಲ ಕಾರ್ಯಾಲಯದಲ್ಲಿ ಬಿಳಿ ಬಟ್ಟೆಯ ಸಾಲುಗಳ ನಡುವೆ ಕಂಬಳಿ ನಡೆದು ಬಂದಾಗ ಸಾಲುಗಳೇ ಆಚೀಚೆ ಸರಿದವು. ಅಂಬಾದಾಸರಿಗೆ ಒಂದು ಭಾಷಣ ಕಂಠಪಾಠವಿತ್ತು. ಅದರಲ್ಲಿ ಬೆಳಕು, ಆಳ, ಮೌನ ಎಲ್ಲ ಇದ್ದವು. ಮೈಕಿನ ಮುಂದೆ ನಿಂತಾಗ ಒಂದೂ ನೆನಪಾಗಲಿಲ್ಲ. ಒಂದು ಕುರಿ ಇತ್ತು, ಹಿಡಿದಷ್ಟು ದಿನ ಒದೆಯಿತು, ಇವತ್ತು ಬೆಳಿಗ್ಗೆ ಕೈ ಬಿಟ್ಟಾಗ ತಾನಾಗಿ ನಿಂತಿತು ಎಂದು ಮರಾಠಿಯಲ್ಲಿ ಹೇಳಿ ನಿಲ್ಲಿಸಿದರು. ತಲಾಠಿ ಸಾಹೇಬರು ಕಣ್ಣು ಒರೆಸಿಕೊಂಡರು. ಗುರೂಜಿ ಎದ್ದು ನಿಂತು, ಮನಸ್ಸೆಂಬ ಕುರಿಯ ಬಗ್ಗೆ ಇದಕ್ಕಿಂತ ಸರಳವಾಗಿ ಯಾರೂ ಹೇಳಲಾರರು ಎಂದರು. ಅಂಬಾದಾಸರು ಗಾಬರಿಯಾಗಿ, ಹಾಗಲ್ಲ, ಮನಸ್ಸಲ್ಲ, ಅದು ಕುರಿಯೇ, ಯೆಣೆಗೂರಿನಲ್ಲಿದೆ, ಬೇಕಾದವರು ಬಂದು ನೋಡಬಹುದು ಎಂದು ತಿದ್ದಿದರು. ಇದನ್ನು ಸಭೆ ವಿನಯವೆಂದು ತಿಳಿದು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿತು. ಹಿಂದಿನ ಅಂಬಾದಾಸರಾಗಿದ್ದರೆ ಚಪ್ಪಾಳೆ ಮುಗಿಯುವ ತನಕ ನಿಲ್ಲುತ್ತಿದ್ದರು. ಈಗ ಅವರಿಗೆ ಸಂಜೆಯ ಹಾಲಿನ ಹೊತ್ತಿನದೇ ಚಿಂತೆ. ಕೈಮುಗಿದು ಸಿಕ್ಕ ಬಸ್ಸು ಹಿಡಿದರು.

ಮನೆಗೆ ಬಂದಾಗ ಬಿಸಿಲು ಇಳಿದಿತ್ತು. ಅಂಜನಾಬಾಯಿ ಬೇವಿನ ಹೂ, ಬೆಲ್ಲ, ಮಾವಿನ ಹೀಚು ಕಲಸಿದ ಬಟ್ಟಲು ತಂದುಕೊಟ್ಟಳು. ನೀಲಿ ಚಾಪೆ ಮರದ ಕೆಳಗೆ ಹಾಸಿತ್ತು. ಅದರ ಮೇಲೆ ಮರಿ ಮುದುಡಿ ಮಲಗಿತ್ತು. ಅವರು ಚಾಪೆಯ ಈಚೆ, ನೆಲದ ಮೇಲೆ ಕೂತು ತಿಂದರು. ಕಹಿ ಮೊದಲು ಬಂತು, ಸಿಹಿ ನಿಧಾನವಾಗಿ ಹಿಂದೆ ಬಂತು.

“ಏನ್ ಹೇಳಿದ್ರಿ ಅಲ್ಲಿ?” ಎಂದು ಅವಳು ಕೇಳಿದಳು.

“ಕುರಿ ನಿಂತಿತು ಅಂದೆ.”

“ಅಷ್ಟೇನಾ?”

“ಅಷ್ಟೇ ಅಲ್ಲೇನು ಆಗಿದ್ದು.”

ಅಂಜನಾಬಾಯಿ ಅವರ ಮುಖವನ್ನು ಒಂದು ಕ್ಷಣ ನೋಡಿದಳು. ಹಟ್ಟಿಯ ಕಡೆಯಿಂದ ಸಣ್ಣ ಒದರಾಟ ಕೇಳಿಸಿತು. ಪಾಟಲೀಣಬಾಯಿ ಹೊರಗೆ ಬಂದು, ಅಂಗಳದ ಮಧ್ಯೆ ನಿಂತು, ಗಾಳಿ ಮೂಸುತ್ತ ಅತ್ತಿತ್ತ ನೋಡುತ್ತಿತ್ತು.

“ಸ್ವಲ್ಪ ಆ ಕಡೆ ಸರೀರಿ,” ಎಂದಳು ಅಂಜನಾಬಾಯಿ. “ಆಕಿ ಮರಿ ಹುಡುಕ್ಲತ್ತಾಳ.”

ಅಂಬಾದಾಸರು ಬಟ್ಟಲು ಎತ್ತಿಕೊಂಡು ಸರಿದರು.